ಹೊನ್ನಶೂಲವೇರಿದ ಮತ್ಸ್ಯಕನ್ಯೆ

1934ರ ಬೇಸಿಗೆ. ಚೀನಾ ಗಣರಾಜ್ಯದ ಅಂದಿನ ರಾಜಧಾನಿ ನಾನ್‌ಜಿಂಗ್‌ನಲ್ಲಿ ಒಂದು ಕುದುರೆಗಾಡಿ ಸಾಗುತ್ತಿತ್ತು. ಲಗಾಮು ಹಿಡಿದು ಗಾಡಿ ಓಡಿಸುತ್ತಿದ್ದವರು ಕೂಲಿಯ ಸಾರಥಿಯಲ್ಲ. ಸರ್ಕಾರದ ಕಾರ್ಯಾಂಗ ಮಂಡಳಿಯ ಮಹಾ ಕಾರ್ಯದರ್ಶಿ ಚು ಮಿನ್‌ಯೀ. ಆ ಗಾಡಿಯಲ್ಲಿ ಕುಳಿತು ಊರು ನೋಡುತ್ತಿದ್ದುದು ಹಾಂಗ್‌ಕಾಂಗ್‌ನಿಂದ ಬಂದಿದ್ದ ಹದಿನಾರರ ಹರೆಯದ ಒಬ್ಬ ಹುಡುಗಿ. ಆಕೆ ರಾಜಕುಮಾರಿಯಲ್ಲ, ಮಂತ್ರಿಯ ಮಗಳಲ್ಲ, ಚಿತ್ರತಾರೆಯೂ ಅಲ್ಲ. ನೀರಿನಲ್ಲಿ ಇತರರಿಗಿಂತ ವೇಗವಾಗಿ ಈಜಬಲ್ಲವಳಾಗಿದ್ದಳು, ಅಷ್ಟೆ.

ಆ ಸವಾರಿಯ ಸುದ್ದಿ ಪತ್ರಿಕೆಗಳಿಗೆ ಹಬ್ಬವಾಯಿತು. ಕೆಲವರು ಮೆಚ್ಚಿದರು, ಹಲವರು ನಕ್ಕರು, ಇನ್ನು ಕೆಲವರು ಸಿಡಿಮಿಡಿಗೊಂಡರು. ಮಂಚೂರಿಯಾ ಜಪಾನೀಯರ ಕೈಸೇರಿ ಮೂರು ವರ್ಷಗಳಾಗುತ್ತಿರುವಾಗ ಸರ್ಕಾರದ ಹಿರಿಯ ಅಧಿಕಾರಿ ಈಜುಗಾರ್ತಿಯೊಬ್ಬಳಿಗೆ ಗಾಡಿ ಹೊಡೆಯುತ್ತಿದ್ದಾರಲ್ಲ ಎಂಬ ಆಕ್ಷೇಪ ಕೇಳಿಬಂತು. ಅಧಿಕಾರಿಯ ನಡೆಗೆ ಬಂದ ಟೀಕೆಯಲ್ಲಿ ಹುಡುಗಿಯ ಹೆಸರೂ ಸೇರಿಕೊಂಡಿತು. ಆಕೆಯ ಹೆಸರು ಯಾಂಗ್ ಶಿಯೂಚಿಯೊಂಗ್. ಮಾತೃಭಾಷೆ ಕ್ಯಾಂಟನೀಸ್‌ನಲ್ಲಿ ಯೆಂಗ್ ಸೌ ಕಿಂಗ್. ಜನ ಪ್ರೀತಿಯಿಂದ ಇಟ್ಟ ಹೆಸರು ಮತ್ಸ್ಯಕನ್ಯೆ.

ಹೊಗಳಿಕೆಯೇ ಮನುಷ್ಯನಿಗೆ ಹೊನ್ನಶೂಲವಾಗುವುದುಂಟು. ಯಾಂಗ್ ಅವರ ಬದುಕು ಅದಕ್ಕೊಂದು ನಿದರ್ಶನ. ಆಕೆಯ ಕ್ರೀಡಾಜೀವನದ ಮುಖ್ಯ ಅವಧಿ ಆರು ವರ್ಷಗಳಷ್ಟೇ. ಆ ಆರು ವರ್ಷಗಳಲ್ಲಿ ಒಂದು ದೇಶ ತನ್ನ ಅವಮಾನ, ಆಸೆ ಮತ್ತು ಗೊಂದಲಗಳೆಲ್ಲವನ್ನೂ ಆ ಬಾಲೆಯ ಹೆಗಲ ಮೇಲೆ ಹೊರಿಸಿತು. ಹೊರೆ ಹೊತ್ತಷ್ಟು ದಿನ ಹಾಡಿ ಹೊಗಳಿತು; ಹೊರಲಾಗದ ದಿನ ಕೈಬಿಟ್ಟಿತು.

ಕಡಲ ದಂಡೆಯ ಪಾಠಶಾಲೆ

ಯಾಂಗ್ ಜನಿಸಿದ್ದು 1918ರಲ್ಲಿ, ದಕ್ಷಿಣ ಚೀನಾದ ಗುವಾಂಗ್‌ಡಾಂಗ್ ಪ್ರಾಂತ್ಯದ ಡೊಂಗ್‌ಗುವಾನ್‌ನಲ್ಲಿ. ಕುಟುಂಬ ಬ್ರಿಟಿಷರ ಆಡಳಿತದಲ್ಲಿದ್ದ ಹಾಂಗ್‌ಕಾಂಗ್‌ಗೆ ಬಂದು ನೆಲೆಸಿತು. ತಂದೆ ಯಾಂಗ್ ಝೂನಾನ್ ಅಲ್ಲಿನ ಸೌತ್ ಚೀನಾ ಅಥ್ಲೆಟಿಕ್ ಅಸೋಸಿಯೇಷನ್‌ನಲ್ಲಿ ಈಜು ಕಲಿಸುತ್ತಿದ್ದರು. ಚೀನೀಯರೇ ಕಟ್ಟಿ ಬೆಳೆಸಿದ ಆ ಸಂಸ್ಥೆ ಫುಟ್‌ಬಾಲ್‌ನಿಂದ ಈಜಿನವರೆಗೆ ಹಲವು ಆಟಗಳಿಗೆ ನೆಲೆಯಾಗಿತ್ತು.

ಅಂದಿನ ಹಾಂಗ್‌ಕಾಂಗ್‌ನಲ್ಲಿ ಸಾಮಾನ್ಯ ಚೀನೀಯರಿಗೆ ಈಜುಕೊಳವೆಂದರೆ ಕಡಲೇ. ದ್ವೀಪದ ಉತ್ತರ ದಂಡೆಯಲ್ಲಿ, ಏಳು ಸಹೋದರಿಯರು ಎಂಬ ಅರ್ಥದ ಹೆಸರುಳ್ಳ ತ್ಸಾಟ್ ತ್ಸ್ ಮುಯ್ ಎಂಬಲ್ಲಿ ಕ್ರೀಡಾಸಂಸ್ಥೆಗಳು ಬೇಸಿಗೆಗೆಂದು ಸ್ನಾನದ ಚಪ್ಪರಗಳನ್ನು ಹಾಕಿಕೊಂಡಿದ್ದವು. ಬಟ್ಟೆ ಬದಲಿಸಲು ಅಲ್ಲೊಂದಿಷ್ಟು ಮರೆ, ಮೆಟ್ಟಿಲಿಳಿದರೆ ಉಪ್ಪುನೀರು. ಸೌತ್ ಚೀನಾ ಸಂಸ್ಥೆಯ ಚಪ್ಪರವೂ ಅಲ್ಲಿತ್ತು. ಯಾಂಗ್ ಮತ್ತು ಆಕೆಯ ಅಕ್ಕ ಶಿಯೂಝೆನ್ ಬೆಳೆದದ್ದು ಇಂಥ ವಾತಾವರಣದಲ್ಲಿ. ಮನೆಯಲ್ಲಿ ತಂದೆಯೇ ಗುರುವಾಗಿದ್ದರಿಂದ ಹೆಣ್ಣುಮಕ್ಕಳು ನೀರಿಗಿಳಿಯುವುದಕ್ಕೆ ಅಡ್ಡಿಯಿರಲಿಲ್ಲ. ಆ ಕಾಲದ ಬಹುತೇಕ ಚೀನೀ ಹುಡುಗಿಯರಿಗೆ ಈ ಭಾಗ್ಯ ಇರಲಿಲ್ಲ.

1930ರಲ್ಲಿ, ಹನ್ನೆರಡರ ವಯಸ್ಸಿನಲ್ಲೇ, ಹಾಂಗ್‌ಕಾಂಗ್‌ನ ಮುಕ್ತ ಈಜು ಸ್ಪರ್ಧೆಯಲ್ಲಿ ಯಾಂಗ್ 50 ಮೀಟರ್ ಮತ್ತು 100 ಮೀಟರ್ ಫ್ರೀಸ್ಟೈಲ್ ಗೆದ್ದು ಗಮನ ಸೆಳೆದರು. ವಸಾಹತಿನ ಪತ್ರಿಕೆಗಳಲ್ಲಿ ಆಕೆಯ ಹೆಸರು ಕಾಣಿಸಿಕೊಳ್ಳತೊಡಗಿತು. ಆದರೆ ಗಡಿಯಾಚೆಯ ಚೀನಾಕ್ಕೆ ಆಕೆಯ ಪರಿಚಯವಾಗಲು ಇನ್ನೂ ಮೂರು ವರ್ಷಗಳು ಬೇಕಾದವು.

ಕಟ್ಟಿದ ಪಾದಗಳ ನಾಡಿನಲ್ಲಿ

ಯಾಂಗ್ ಅವರಿಗೆ ದೊರೆತ ಜನಪ್ರಿಯತೆಯ ಪ್ರಮಾಣ ಅರ್ಥವಾಗಬೇಕಾದರೆ ಅಂದಿನ ಚೀನಾದ ಸ್ಥಿತಿಯನ್ನು ನೆನೆಯಬೇಕು. ಹೆಣ್ಣುಮಕ್ಕಳ ಪಾದಗಳನ್ನು ಎಳವೆಯಲ್ಲೇ ಬಿಗಿದು ಕಟ್ಟಿ ಮೊಟಕುಗೊಳಿಸುವ ಪದ್ಧತಿಯನ್ನು ಗಣರಾಜ್ಯ ಸರ್ಕಾರ 1912ರಲ್ಲಿ ನಿಷೇಧಿಸಿತ್ತು. ಆದರೂ ಅಂಥ ಪಾದಗಳ ಮೇಲೆ ಕುಂಟುತ್ತ ನಡೆಯುವ ತಾಯಂದಿರು, ಅಜ್ಜಿಯರು ಮನೆಮನೆಯಲ್ಲಿದ್ದರು. ಯುವತಿಯರು ಎದೆಯನ್ನು ಬಟ್ಟೆಯಿಂದ ಬಿಗಿದುಕೊಳ್ಳುವ ರೂಢಿಯೂ ವ್ಯಾಪಕವಾಗಿತ್ತು. ಗುವಾಂಗ್‌ಡಾಂಗ್ ಪ್ರಾಂತ್ಯದ ಸರ್ಕಾರ ಅದನ್ನು ತಡೆಯಲು 1927ರಲ್ಲಿ ಆದೇಶವನ್ನೇ ಹೊರಡಿಸಬೇಕಾಯಿತು.

ಇದರ ಜೊತೆಗೆ ಪೂರ್ವ ಏಷ್ಯಾದ ರೋಗಿಷ್ಠ ಎಂಬ ಮೂದಲಿಕೆ ಚೀನೀಯರ ಎದೆಯಲ್ಲಿ ಮುಳ್ಳಿನಂತೆ ಚುಚ್ಚುತ್ತಿತ್ತು. ಯುದ್ಧಗಳಲ್ಲಿ ಸೋತ, ಬಂದರುಗಳನ್ನು ಪರರಿಗೆ ಬಿಟ್ಟುಕೊಟ್ಟ ದೇಶದ ದೌರ್ಬಲ್ಯಕ್ಕೆ ಅದರ ಜನರ ದೇಹವೇ ಕಾರಣವೆಂಬ ಮಾತು ಅದು. ಜನರ ಮೈ ಗಟ್ಟಿಯಾದರೆ ದೇಶ ಗಟ್ಟಿಯಾದೀತು ಎಂಬ ನಂಬಿಕೆಯಿಂದ ಶಾಲೆಗಳಲ್ಲಿ ವ್ಯಾಯಾಮ ಬಂತು, ಕ್ರೀಡಾಂಗಣಗಳು ಎದ್ದವು. ನಾನ್‌ಜಿಂಗ್‌ನ ಹೊರವಲಯದಲ್ಲಿ ಕೇಂದ್ರ ಕ್ರೀಡಾಂಗಣ ಸಿದ್ಧವಾಯಿತು. 1931ರಲ್ಲಿ ಅಲ್ಲಿ ನಡೆಯಬೇಕಿದ್ದ ಐದನೇ ರಾಷ್ಟ್ರೀಯ ಕ್ರೀಡಾಕೂಟ ಯಾಂಗ್ತ್ಸೆ ನದಿಯ ಮಹಾಪೂರ ಮತ್ತು ಮಂಚೂರಿಯಾದ ಮೇಲಿನ ಜಪಾನೀ ದಾಳಿಯಿಂದಾಗಿ ಮುಂದಕ್ಕೆ ಹೋಯಿತು.

ಕೊನೆಗೂ 1933ರ ಅಕ್ಟೋಬರ್‌ನಲ್ಲಿ ಕೂಟ ನಡೆದಾಗ ನಾಡಿನಲ್ಲಿ ಆವೇಶ ತುಂಬಿತ್ತು. ಕಳೆದುಕೊಂಡ ಈಶಾನ್ಯ ಪ್ರಾಂತ್ಯಗಳ ಕ್ರೀಡಾಪಟುಗಳೂ ಪಥಸಂಚಲನದಲ್ಲಿ ಹೆಜ್ಜೆ ಹಾಕಿದರು. ಮಹಿಳೆಯರ ಈಜಿಗೆ ಅದುವರೆಗೆ ಅಷ್ಟು ದೊಡ್ಡ ವೇದಿಕೆ ದೊರೆತಿರಲಿಲ್ಲ. ಹಾಂಗ್‌ಕಾಂಗ್ ತಂಡದ ಹದಿನೈದರ ಯಾಂಗ್ ಕೊಳಕ್ಕೆ ಧುಮುಕಿ 50 ಮೀಟರ್ ಫ್ರೀಸ್ಟೈಲ್, 100 ಮೀಟರ್ ಫ್ರೀಸ್ಟೈಲ್, 100 ಮೀಟರ್ ಬ್ಯಾಕ್‌ಸ್ಟ್ರೋಕ್, 200 ಮೀಟರ್ ಬ್ರೆಸ್ಟ್‌ಸ್ಟ್ರೋಕ್ ನಾಲ್ಕನ್ನೂ ಗೆದ್ದರು. ರಿಲೇಯಲ್ಲೂ ಆಕೆಯ ತಂಡವೇ ಮೊದಲು ಗುರಿ ಮುಟ್ಟಿತು. ಸ್ಪರ್ಧೆಗೆ ಇಳಿದಾಗ ಆಕೆ ದಕ್ಷಿಣದ ಅಪರಿಚಿತ ಬಾಲಕಿ; ಮರಳಿ ಮೇಲೆದ್ದಾಗ ದೇಶದ ಮತ್ಸ್ಯಕನ್ಯೆ.

ಮನಿಲಾದ ಜಯ

ಮರುವರ್ಷದ ಮೇ ತಿಂಗಳಲ್ಲಿ ಫಿಲಿಪ್ಪೀನ್ಸ್‌ನ ಮನಿಲಾದಲ್ಲಿ ಹತ್ತನೇ ದೂರಪ್ರಾಚ್ಯ ಕ್ರೀಡಾಕೂಟ ನಡೆಯಿತು. ಇಂದಿನ ಏಷ್ಯನ್ ಕ್ರೀಡಾಕೂಟಕ್ಕೆ ಪೂರ್ವಜನೆನಿಸುವ ಈ ಕೂಟದಲ್ಲಿ ಚೀನಾ, ಜಪಾನ್, ಫಿಲಿಪ್ಪೀನ್ಸ್ ಪ್ರಮುಖ ಎದುರಾಳಿಗಳಾಗಿದ್ದವು. ಅಲ್ಲಿಯೂ ಯಾಂಗ್ 50 ಮತ್ತು 100 ಮೀಟರ್ ಫ್ರೀಸ್ಟೈಲ್ ಹಾಗೂ 100 ಮೀಟರ್ ಬ್ಯಾಕ್‌ಸ್ಟ್ರೋಕ್‌ನಲ್ಲಿ ಮೊದಲಿಗರಾದರು. ಅಕ್ಕ ಶಿಯೂಝೆನ್ ಕೂಡ ಇದ್ದ ರಿಲೇ ತಂಡ ಜಯ ಗಳಿಸಿತು. ಜಪಾನ್ ಸ್ಥಾಪಿಸಿದ್ದ ಮಂಚುಕುವೊ ರಾಜ್ಯಕ್ಕೆ ಪ್ರವೇಶ ನೀಡುವ ಪ್ರಶ್ನೆಯ ಮೇಲೆ ಸಂಘಟನೆ ಒಡೆದು, ಆ ಕೂಟಗಳ ಪರಂಪರೆಯೇ ಅಲ್ಲಿಗೆ ಕೊನೆಗೊಂಡಿತು. ಜಗಳದಲ್ಲಿ ಮುಗಿದ ಕೂಟದಿಂದ ಚೀನೀಯರು ಹೆಮ್ಮೆಯಿಂದ ಮನೆಗೊಯ್ದ ನೆನಪುಗಳಲ್ಲಿ ಮತ್ಸ್ಯಕನ್ಯೆಯ ಗೆಲುವೂ ಒಂದು.

ಅಲ್ಲಿಂದ ಮುಂದೆ ಆಕೆಯ ಖ್ಯಾತಿ ಕ್ರೀಡೆಯ ಎಲ್ಲೆ ದಾಟಿತು. ಶಾಂಘೈ ಅಂದು ಸಚಿತ್ರ ಪತ್ರಿಕೆಗಳ ರಾಜಧಾನಿ. ಚಿತ್ರತಾರೆಯರ ಮುಖ ಅಚ್ಚಾಗುತ್ತಿದ್ದ ಪುಟಗಳಲ್ಲಿ ಈಜುಡುಗೆ ತೊಟ್ಟ, ಬಿಸಿಲಿಗೆ ಮೈ ಕಂದಿದ, ನಗುಮೊಗದ ಹುಡುಗಿ ಕಾಣಿಸಿಕೊಂಡಳು. ಪ್ರಸಿದ್ಧ ಲಿಯಾಂಗ್‌ಯೋ ಪತ್ರಿಕೆ ಆಕೆಯ ಚಿತ್ರವನ್ನು ಮುಖಪುಟದಲ್ಲಿ ಹಾಕಿತು. ಅದೇ ಪತ್ರಿಕೆ 1934ರಲ್ಲಿ ಆದರ್ಶ ಸ್ತ್ರೀಯಲ್ಲಿ ಇರಬೇಕಾದ ಗುಣಗಳನ್ನು ಹೆಸರಾಂತ ಮಹಿಳೆಯರ ಮೂಲಕ ಎಣಿಸಿದಾಗ, ನಟಿ ಹು ಡಿಯೆ ಅವರ ಖ್ಯಾತಿ, ಹೆ ಶಿಯಾಂಗ್‌ನಿಂಗ್ ಅವರ ಚಿತ್ರಕಲೆಗಳ ಸಾಲಿನಲ್ಲಿ ಯಾಂಗ್ ಅವರ ಈಜನ್ನೂ ಸೇರಿಸಿತು. ಹತ್ತು ವರ್ಷಗಳ ಹಿಂದೆ ಇಂಥ ಪಟ್ಟಿಯಲ್ಲಿ ಈಜುಗಾರ್ತಿಗೆ ಸ್ಥಾನವಿರುತ್ತದೆಂದು ಯಾರೂ ಊಹಿಸುತ್ತಿರಲಿಲ್ಲ.

ಒಂದೇ ದೇಹ, ಎರಡು ನೋಟ

ಈ ಜನಪ್ರಿಯತೆಯನ್ನು ಸರ್ಕಾರವೂ ಬಳಸಿಕೊಂಡಿತು. 1934ರ ಫೆಬ್ರವರಿಯಲ್ಲಿ ಚಿಯಾಂಗ್ ಕೈ ಶೇಕ್ ನಾನ್‌ಚಾಂಗ್ ನಗರದಲ್ಲಿ ನವಜೀವನ ಚಳವಳಿಯನ್ನು ಆರಂಭಿಸಿದ್ದರು. ಶುಚಿತ್ವ, ಶಿಸ್ತು, ಸಭ್ಯತೆ, ಗಟ್ಟಿಮುಟ್ಟಾದ ಶರೀರ, ಇವು ಅದರ ಮಂತ್ರಗಳು. ಆ ಬೇಸಿಗೆಯಲ್ಲಿ ನಾನ್‌ಚಾಂಗ್‌ನಲ್ಲಿ ಏರ್ಪಟ್ಟ ಈಜು ಕೂಟಕ್ಕೆ ಯಾಂಗ್ ಅವರಿಗೂ ಕುಟುಂಬದವರಿಗೂ ಆಹ್ವಾನ ಬಂತು. ಆಕೆ ಹೋದಲ್ಲೆಲ್ಲ ಜನ ಮುತ್ತಿಕೊಂಡರು, ಅಧಿಕಾರಿಗಳು ಸತ್ಕರಿಸಿದರು. ನಾನ್‌ಜಿಂಗ್‌ನ ಆ ಕುದುರೆಗಾಡಿಯ ಸವಾರಿ ಇದೇ ಪ್ರವಾಸದ ಭಾಗ. ಲಗಾಮು ಹಿಡಿದಿದ್ದ ಚು ಮಿನ್‌ಯೀ ಫ್ರಾನ್ಸ್‌ನಲ್ಲಿ ವೈದ್ಯಕೀಯ ಓದಿ ಬಂದವರು. ವ್ಯಾಯಾಮ ಪ್ರಚಾರದ ಹುಚ್ಚು ಹತ್ತಿಸಿಕೊಂಡವರು. ಅವರ ಪಾಲಿಗೆ ಅದು ಕ್ರೀಡೆಗೆ ಸಲ್ಲಿಸಿದ ಗೌರವ. ನೋಡುಗರಿಗೆ ಬೇರೆಯೇ ಕಂಡಿತು.

ವಿಪರ್ಯಾಸವೆಂದರೆ, ಸಭ್ಯತೆಯ ಹೆಸರಿನಲ್ಲಿ ಯಾಂಗ್ ಅವರನ್ನು ಮೆರೆಸಿದ ಕಾಲವೇ ಅದೇ ಹೆಸರಿನಲ್ಲಿ ಆಕೆಯಂಥವರನ್ನು ಬೈಯುತ್ತಲೂ ಇತ್ತು. ಹೆಂಗಸರ ತೋಳು, ಕಾಲು ಕಾಣುವ ಉಡುಪುಗಳ ಮೇಲೆ ನವಜೀವನದ ಉತ್ಸಾಹಿಗಳು ಹರಿಹಾಯುತ್ತಿದ್ದರು. 1934ರಲ್ಲೇ ಗುವಾಂಗ್‌ಡಾಂಗ್‌ನಲ್ಲಿ ಗಂಡಸರು, ಹೆಂಗಸರು ಒಂದೇ ಕಡೆ ಈಜುವುದನ್ನು ನಿಷೇಧಿಸಬೇಕೆಂಬ ಪ್ರಸ್ತಾಪ ಎದ್ದಿತು. ಲೇಖಕ ಲು ಶುನ್ ಅದನ್ನು ತಮ್ಮ ಬರಹದಲ್ಲಿ ಲೇವಡಿ ಮಾಡಿದರು. ಒಂದು ಕಡೆ ಬಲಿಷ್ಠ ರಾಷ್ಟ್ರದ ಲಾಂಛನ, ಇನ್ನೊಂದು ಕಡೆ ಕಣ್ಣು ಹಾಯಿಸಬಾರದ ನಾಚಿಕೆ. ಎರಡೂ ಒಂದೇ ಹುಡುಗಿಯ ಶರೀರವೇ.

ಆಕೆಯ ಈಜಿನ ಕ್ರಮ, ತೋಳಿನ ಬೀಸು, ಉಸಿರಾಟದ ಹದ ಕುರಿತು ಬರೆದವರಿಗಿಂತ ಆಕೆಯ ರೂಪ, ಉಡುಗೆ, ಆಹಾರ, ಮುಂದಿನ ಮದುವೆ ಕುರಿತು ಬರೆದವರೇ ಹೆಚ್ಚು. ಕ್ರೀಡಾಪಟುವಿನ ಸಾಧನೆಗಿಂತ ಸ್ತ್ರೀರೂಪವೇ ಸುದ್ದಿಯಾಗುವ ಇಂದಿನ ರೋಗದ ಬೇರು ಅಂದೇ ಇಳಿದಿತ್ತು ಎನ್ನಬೇಕು. ಆದರೆ ಆ ಚಿತ್ರಗಳು ಇನ್ನೊಂದು ಕೆಲಸವನ್ನೂ ಮಾಡಿದವು. ಹೆಣ್ಣು ನಾಚದೆ ನೀರಿಗಿಳಿಯಬಹುದು, ನಾಲ್ಕು ಜನರೆದುರು ಗೆಲ್ಲಬಹುದು ಎಂಬುದನ್ನು ಓದುಬರಹ ಬಾರದವರ ಕಣ್ಣಿಗೂ ಮುಟ್ಟಿಸಿದವು. ಈ ಎರಡನ್ನೂ ಬೇರ್ಪಡಿಸಿ ನೋಡುವುದು ಕಷ್ಟ.

1935ರ ಅಕ್ಟೋಬರ್‌ನಲ್ಲಿ ಶಾಂಘೈನಲ್ಲಿ ನಡೆದ ಆರನೇ ರಾಷ್ಟ್ರೀಯ ಕ್ರೀಡಾಕೂಟದಲ್ಲಿಯೂ ಯಾಂಗ್ ಈಜಿನ ಮುಖ್ಯ ಆಕರ್ಷಣೆ. ಆದರೆ ಎರಡು ವರ್ಷಗಳಲ್ಲಿ ಇತರ ಹುಡುಗಿಯರೂ ಬೆಳೆದಿದ್ದರು. ಆಕೆಯನ್ನು ಕಂಡು ನೀರಿಗಿಳಿಯುವ ಧೈರ್ಯ ತಂದುಕೊಂಡವರೂ ಆಕೆಯ ಜೊತೆ ಸೆಣಸತೊಡಗಿದ್ದರು. ನಿಜವಾಗಿ ನೋಡಿದರೆ ಇದೇ ಆಕೆಯ ದೊಡ್ಡ ಗೆಲುವು. ಪದಕ ಮಾತ್ರ ಎಣಿಸುತ್ತಿದ್ದವರಿಗೆ ಅದು ಕಾಣಲಿಲ್ಲ.

ಬರ್ಲಿನ್‌ನ ನೀರು

1932ರ ಲಾಸ್ ಏಂಜಲೀಸ್ ಒಲಿಂಪಿಕ್ಸ್‌ಗೆ ಚೀನಾ ಕಳುಹಿಸಿದ್ದು ಓಟಗಾರ ಲಿಯು ಚಾಂಗ್‌ಚುನ್ ಒಬ್ಬರನ್ನೇ. ನಾಲ್ಕು ವರ್ಷಗಳ ಬಳಿಕ ಬರ್ಲಿನ್‌ಗೆ ದೊಡ್ಡ ತಂಡವನ್ನೇ ಕಳುಹಿಸುವ ನಿರ್ಧಾರವಾಯಿತು. ಹಣ ಸಾಲಲಿಲ್ಲ. ಖರ್ಚಿಗೆ ದಾರಿ ಮಾಡಿಕೊಳ್ಳಲು ಲೀ ವೈ ಟಾಂಗ್ ನಾಯಕತ್ವದ ಫುಟ್‌ಬಾಲ್ ತಂಡ ಮೊದಲೇ ಹೊರಟು ಆಗ್ನೇಯ ಏಷ್ಯಾ ಮತ್ತು ಭಾರತದ ಊರುಗಳಲ್ಲಿ ಪಂದ್ಯವಾಡಿ ಟಿಕೆಟ್ ಹಣ ಕೂಡಿಸಿತು. ಉಳಿದವರು 1936ರ ಜೂನ್ ಕೊನೆಯಲ್ಲಿ ಶಾಂಘೈನಿಂದ ಕೊಂಟೆ ವೆರ್ಡೆ ಎಂಬ ಇಟಲಿಯ ಹಡಗು ಹತ್ತಿದರು. ಮುಂಬಯಿಯಲ್ಲಿ ಫುಟ್‌ಬಾಲ್ ಆಟಗಾರರು ಅವರನ್ನು ಕೂಡಿಕೊಂಡರು. ವೆನಿಸ್ ತಲುಪಿ, ಅಲ್ಲಿಂದ ರೈಲಿನಲ್ಲಿ ಬರ್ಲಿನ್ ಸೇರುವ ವೇಳೆಗೆ ಮೂರು ವಾರಗಳಿಗೂ ಹೆಚ್ಚು ಕಾಲ ಕಳೆದಿತ್ತು.

ಪದಕ ಸ್ಪರ್ಧೆಗಳಲ್ಲಿ ಚೀನಾವನ್ನು ಪ್ರತಿನಿಧಿಸಿದ ಮಹಿಳೆಯರು ಇಬ್ಬರೇ: ಓಟಗಾರ್ತಿ ಲೀ ಸೆನ್ ಮತ್ತು ಯಾಂಗ್. ಈಜಿಗೆ ಯಾಂಗ್ ಜೊತೆ ಒಬ್ಬ ಪುರುಷ ಸ್ಪರ್ಧಿ ಮಾತ್ರ ಇದ್ದರು. ಚೀನಾದ ಮಹಿಳೆಯೊಬ್ಬರು ಒಲಿಂಪಿಕ್ ಈಜುಕೊಳಕ್ಕೆ ಇಳಿದದ್ದು ಅದೇ ಮೊದಲು.

ಯಾಂಗ್ 100 ಮೀಟರ್ ಫ್ರೀಸ್ಟೈಲ್ ಮತ್ತು 100 ಮೀಟರ್ ಬ್ಯಾಕ್‌ಸ್ಟ್ರೋಕ್‌ನಲ್ಲಿ ಸ್ಪರ್ಧಿಸಿದರು. ಎರಡರಲ್ಲಿಯೂ ಹೀಟ್ಸ್‌ನಲ್ಲೇ ಹೊರಬಿದ್ದರು. ಫ್ರೀಸ್ಟೈಲ್ ಚಿನ್ನವನ್ನು ಹಾಲೆಂಡ್‌ನ ರೀ ಮಾಸ್ಟೆನ್‌ಬ್ರೂಕ್ 1 ನಿಮಿಷ 5.9 ಸೆಕೆಂಡುಗಳಲ್ಲಿ ಗೆದ್ದರೆ, ಬ್ಯಾಕ್‌ಸ್ಟ್ರೋಕ್ ಚಿನ್ನ ಅದೇ ದೇಶದ ನೀಡಾ ಸೆನ್ಫ್ ಪಾಲಾಯಿತು. ಹಾಲೆಂಡ್‌ನ ಹುಡುಗಿಯರ ಬೆನ್ನಿಗೆ ನುರಿತ ತರಬೇತಿಯ ಪದ್ಧತಿ, ವರ್ಷವಿಡೀ ಬಳಸಬಲ್ಲ ಈಜುಕೊಳಗಳು, ಬಲವಾದ ಸ್ಪರ್ಧೆ ಇದ್ದವು. ಹಾಂಗ್‌ಕಾಂಗ್‌ನ ಕಡಲಲ್ಲಿ ತಂದೆಯಿಂದ ಕಲಿತು, ವಾರಗಟ್ಟಲೆ ಹಡಗಿನಲ್ಲಿ ಪಯಣಿಸಿ ಬಂದ ಹದಿನೆಂಟರ ಹುಡುಗಿ ಅವರಿಗೆ ಸರಿಸಾಟಿಯಾಗುವುದು ಸಾಧ್ಯವಿರಲಿಲ್ಲ. ಅದೇ ಕೊಳದಲ್ಲಿ ಜಪಾನಿನ ಹಿಡೆಕೊ ಮಾಯೆಹಾತಾ 200 ಮೀಟರ್ ಬ್ರೆಸ್ಟ್‌ಸ್ಟ್ರೋಕ್ ಗೆದ್ದು, ಒಲಿಂಪಿಕ್ ಚಿನ್ನ ಪಡೆದ ತಮ್ಮ ದೇಶದ ಮೊದಲ ಮಹಿಳೆಯಾದದ್ದು ಚೀನೀಯರ ಗಾಯಕ್ಕೆ ಉಪ್ಪು ಸವರಿದಂತಾಯಿತು.

ಸೋತದ್ದು ಯಾಂಗ್ ಒಬ್ಬರೇ ಅಲ್ಲ. ಪೋಲ್‌ವಾಲ್ಟ್‌ನ ಫು ಬಾವೊಲು ಅರ್ಹತಾ ಸುತ್ತು ದಾಟಿದ್ದೇ ದೊಡ್ಡ ಸಮಾಧಾನ. ಫುಟ್‌ಬಾಲ್ ತಂಡ ಬ್ರಿಟನ್ನಿಗೆ 2-0ರಿಂದ ಸೋತಿತು. ಧ್ಯಾನ್‌ಚಂದ್ ನೇತೃತ್ವದ ಭಾರತದ ಹಾಕಿ ತಂಡ ಚಿನ್ನದೊಂದಿಗೆ ಮರಳಿದ ಆ ಕೂಟದಿಂದ ಚೀನಾ ತಂಡ ಬರಿಗೈಯಲ್ಲಿ ಹಿಂದಿರುಗಿತು. ಐದು ಒಲಿಂಪಿಕ್ ಉಂಗುರಗಳ ಕೆಳಗೆ ದೊಡ್ಡದೊಂದು ಬಾತುಕೋಳಿ ಮೊಟ್ಟೆಯನ್ನು ಹೊತ್ತ ಚೀನೀಯರ ವ್ಯಂಗ್ಯಚಿತ್ರ ಸಿಂಗಪುರದಲ್ಲಿ ಅವರನ್ನು ಎದುರುಗೊಂಡಿತೆಂಬ ಸಂಗತಿ ಚೀನಾದಲ್ಲಿ ಇಂದಿಗೂ ಮಕ್ಕಳಿಗೆ ಹೇಳುವ ಕಥೆಯಾಗಿದೆ. ಮೊಟ್ಟೆ ಎಂದರೆ ಸೊನ್ನೆ.

ಎಲ್ಲರಿಗಿಂತ ಹೆಚ್ಚು ಹೊಗಳಿಸಿಕೊಂಡವರಿಗೆ ಎಲ್ಲರಿಗಿಂತ ಹೆಚ್ಚು ನಿಂದೆ ಬರುವುದು ಲೋಕರೂಢಿ. ಮತ್ಸ್ಯಕನ್ಯೆ ಕೆರೆಯಲ್ಲಷ್ಟೇ ಈಜಬಲ್ಲಳು, ಕಡಲಲ್ಲಲ್ಲ ಎಂಬ ಧಾಟಿಯ ಕುಹಕಗಳು ಹುಟ್ಟಿದವು. ಅದನ್ನಾಡಿದವರಿಗೆ ಆಕೆ ಕಲಿತದ್ದೇ ಕಡಲಲ್ಲಿ ಎಂಬುದು ಮರೆತುಹೋಗಿತ್ತು.

ಯುದ್ಧ ನುಂಗಿದ ಬದುಕು

ಸೋಲಿನಿಂದ ಪಾಠ ಕಲಿತು ಮತ್ತೆ ಎದ್ದು ನಿಲ್ಲುವುದಕ್ಕೆ ಕಾಲ ಅವಕಾಶ ಕೊಡಲಿಲ್ಲ. 1937ರ ಜುಲೈನಲ್ಲಿ ಚೀನಾ ಮತ್ತು ಜಪಾನ್ ನಡುವೆ ಪೂರ್ಣಪ್ರಮಾಣದ ಯುದ್ಧ ಆರಂಭವಾಯಿತು. ಆ ವರ್ಷದ ಡಿಸೆಂಬರ್‌ನಲ್ಲಿ ನಾನ್‌ಜಿಂಗ್ ಶತ್ರುಗಳ ಕೈಸೇರಿ ಘೋರ ನರಮೇಧ ಕಂಡಿತು. ಮತ್ಸ್ಯಕನ್ಯೆಯನ್ನು ನೋಡಲು ಜನ ನೂಕುನುಗ್ಗಲಾಗಿದ್ದ ಬೀದಿಗಳಲ್ಲಿ ಹೆಣಗಳು ಬಿದ್ದವು. 1940ರಲ್ಲಿ ನಡೆಯಬೇಕಿದ್ದ ಒಲಿಂಪಿಕ್ಸ್ ರದ್ದಾಯಿತು; 1944ರದೂ ಇಲ್ಲವಾಯಿತು. ಈಜುಗಾರ್ತಿಯೊಬ್ಬರ ಬಾಳಿನಲ್ಲಿ ಹದಿನೆಂಟರಿಂದ ಇಪ್ಪತ್ತೆಂಟರವರೆಗಿನ ವರ್ಷಗಳು ಚಿನ್ನದಂಥವು. ಯಾಂಗ್ ಅವರ ಆ ವರ್ಷಗಳನ್ನು ಯುದ್ಧ ನುಂಗಿತು.

ಕುದುರೆ ಜೂಜಿನ ಹೆಸರಾಂತ ಸವಾರ ತಾವೊ ಬೋಲಿನ್ ಅವರೊಂದಿಗೆ ಆಕೆಯ ವಿವಾಹವಾಯಿತು. ಯುದ್ಧಕಾಲದಲ್ಲಿ ಒಳನಾಡಿನ ರಾಜಧಾನಿ ಚೊಂಗ್‌ಚಿಂಗ್‌ನತ್ತ ಸಾಗಿದ ಲಕ್ಷಾಂತರ ಜನರಲ್ಲಿ ಆಕೆಯೂ ಒಬ್ಬರಾದರು. ಆ ದಾಂಪತ್ಯ ಉಳಿಯಲಿಲ್ಲ. ಹಲವು ಹೆಂಡಿರನ್ನು ಕಟ್ಟಿಕೊಂಡಿದ್ದ ಸಿಚುವಾನ್‌ನ ಸೇನಾನಿಯೊಬ್ಬನ ಹೆಸರಿನೊಂದಿಗೆ ಆಕೆಯ ಹೆಸರನ್ನು ತಳಕು ಹಾಕಿ ಹೇಳುವ ಕಥೆಗಳು ಅಂದಿನಿಂದ ಇಂದಿನವರೆಗೂ ಅಚ್ಚಾಗುತ್ತ ಬಂದಿವೆ. ಅವುಗಳಲ್ಲಿ ಹಲವು ಒಂದಕ್ಕೊಂದು ತಾಳೆಯಾಗುವುದಿಲ್ಲ. ಆದರೆ ಒಂದು ಮಾತು ಸ್ಪಷ್ಟ. ಆಕೆ ಈಜುವುದನ್ನು ನಿಲ್ಲಿಸಿದ ಮೇಲೂ ಆಕೆಯ ಖಾಸಗಿ ಬದುಕನ್ನು ಇಣುಕಿ ನೋಡುವುದನ್ನು ಲೋಕ ನಿಲ್ಲಿಸಲಿಲ್ಲ. ಗೆದ್ದ ಐದು ಸ್ಪರ್ಧೆಗಳ ಹೆಸರು ಹೇಳಲಾರದವರೂ ಆಕೆಯ ಗಂಡಂದಿರ ಲೆಕ್ಕ ಹೇಳಬಲ್ಲವರಾಗಿದ್ದರು.

ಕುದುರೆಗಾಡಿಯ ಇನ್ನೊಬ್ಬ ಪಾತ್ರಧಾರಿಯ ಕಥೆ ಮತ್ತಷ್ಟು ಕರಾಳ. ಚು ಮಿನ್‌ಯೀ ಜಪಾನೀಯರ ಆಶ್ರಯದಲ್ಲಿ ವಾಂಗ್ ಜಿಂಗ್‌ವೇ ರಚಿಸಿದ ಕೈಗೊಂಬೆ ಸರ್ಕಾರದಲ್ಲಿ ವಿದೇಶಾಂಗ ಸಚಿವರಾದರು. ಯುದ್ಧ ಮುಗಿದ ಬಳಿಕ ದೇಶದ್ರೋಹದ ಆರೋಪ ಸಾಬೀತಾಗಿ 1946ರ ಆಗಸ್ಟ್‌ನಲ್ಲಿ ಗುಂಡಿಗೆ ಬಲಿಯಾದರು. ಹುಡುಗಿಯೊಬ್ಬಳಿಗೆ ಗಾಡಿ ಹೊಡೆದುದು ದೇಶಕ್ಕೆ ಅವಮಾನವೆಂದು ಹುಯಿಲೆಬ್ಬಿಸಿದ್ದವರಿಗೆ ನಿಜವಾದ ದ್ರೋಹ ಯಾವುದೆಂದು ತಿಳಿಯಲು ಕೆಲವು ವರ್ಷಗಳು ಬೇಕಾದವು.

ದೂರದ ದಡ

ಯುದ್ಧಾನಂತರ ಯಾಂಗ್ ಹಾಂಗ್‌ಕಾಂಗ್‌ನಲ್ಲಿ ಬಾಳಿ, ಮುಂದೆ ಕೆನಡಾಕ್ಕೆ ತೆರಳಿ ವ್ಯಾಂಕೂವರ್‌ನಲ್ಲಿ ನೆಲೆಸಿದರು. ಅದೂ ಕಡಲ ದಂಡೆಯ ಊರೇ. ಒಂದು ಕಾಲದಲ್ಲಿ ನೆರೆದ ಜನಸ್ತೋಮ ದಾಟಿ ಮುಂದೆ ಹೋಗಲಾಗದಿದ್ದ ಮಹಿಳೆ ಅಲ್ಲಿ ಯಾರ ಕಣ್ಣಿಗೂ ಬೀಳದ ವಲಸಿಗರಲ್ಲಿ ಒಬ್ಬರಾದರು. 1982ರ ಅಕ್ಟೋಬರ್‌ನಲ್ಲಿ ಅಲ್ಲಿಯೇ ನಿಧನರಾದರು.

ಮರುತಿಂಗಳು ನವದೆಹಲಿಯಲ್ಲಿ ಒಂಬತ್ತನೇ ಏಷ್ಯನ್ ಕ್ರೀಡಾಕೂಟ ಆರಂಭವಾಯಿತು. ಅಲ್ಲಿ ಚೀನಾ 61 ಚಿನ್ನದ ಪದಕಗಳೊಂದಿಗೆ ಜಪಾನ್ ದೇಶವನ್ನು ಹಿಂದಿಕ್ಕಿ ಮೊದಲ ಬಾರಿಗೆ ಪದಕಪಟ್ಟಿಯ ಅಗ್ರಸ್ಥಾನಕ್ಕೇರಿತು. ರೋಗಿಷ್ಠ ಎಂಬ ಮೂದಲಿಕೆಯನ್ನು ತೊಳೆಯುವ ಭಾರ ಹೊತ್ತಿದ್ದ ಹೆಣ್ಣುಮಗಳಿಗೆ ಆ ಸುದ್ದಿ ಕೇಳುವ ಅವಕಾಶ ಕೆಲವೇ ವಾರಗಳಲ್ಲಿ ತಪ್ಪಿಹೋಯಿತು.

1988ರಲ್ಲಿ ಸೋಲ್‌ನಲ್ಲಿ ಝುವಾಂಗ್ ಯೊಂಗ್ ಎಂಬ ಶಾಂಘೈ ಹುಡುಗಿ ಒಲಿಂಪಿಕ್ ಈಜಿನಲ್ಲಿ ಬೆಳ್ಳಿ ಗೆದ್ದರು. 1992ರ ಜುಲೈನಲ್ಲಿ ಬಾರ್ಸಿಲೋನಾದಲ್ಲಿ ಅದೇ ಝುವಾಂಗ್ 54.64 ಸೆಕೆಂಡುಗಳಲ್ಲಿ ಗುರಿ ಮುಟ್ಟಿ ಚೀನಾಕ್ಕೆ ಒಲಿಂಪಿಕ್ ಈಜಿನ ಮೊದಲ ಚಿನ್ನ ತಂದರು. ಆ ಸ್ಪರ್ಧೆ ಮಹಿಳೆಯರ 100 ಮೀಟರ್ ಫ್ರೀಸ್ಟೈಲ್. 56 ವರ್ಷಗಳ ಹಿಂದೆ ಬರ್ಲಿನ್‌ನಲ್ಲಿ ಯಾಂಗ್ ಶಿಯೂಚಿಯೊಂಗ್ ಹೀಟ್ಸ್‌ನಲ್ಲಿ ಸೋತು, ದೇಶದ ಕುಹಕಕ್ಕೆ ಗುರಿಯಾದ ಅದೇ ಸ್ಪರ್ಧೆ.

ಝುವಾಂಗ್ ಬೆನ್ನಿಗೆ ತರಬೇತುದಾರರಿದ್ದರು, ವೈದ್ಯರಿದ್ದರು, ಸರ್ಕಾರವಿತ್ತು. ಯಾಂಗ್ ಬೆನ್ನಿಗೆ ಇದ್ದದ್ದು ಈಜು ಕಲಿಸಿದ ತಂದೆ, ಜೊತೆಗೆ ಈಜಿದ ಅಕ್ಕ, ಮುಂದೆ ಬಿರಿದ ಕಣ್ಣುಗಳಿಂದ ನೋಡುತ್ತಿದ್ದ ಒಂದು ದೇಶ. ಚೀನಾದ ಹೆಣ್ಣುಮಕ್ಕಳಿಗೆ ಒಲಿಂಪಿಕ್ ಕೊಳದ ದಾರಿಯನ್ನು ಮೊದಲು ತೋರಿದವರು ಆಕೆ. ದಾರಿ ತೋರಿದವರಿಗೆ ಪದಕ ದೊರೆಯದಿರಬಹುದು. ಆದರೆ ಹಿಂದೆ ಬಂದವರು ಗೆದ್ದದ್ದು ಅದೇ ದಾರಿಯಲ್ಲಿ ಈಜಿಯೇ.